ಬೆಲ್ಟ್ ಬದಲಿಸಿದ ಮೇಲೆ ಇಂಕ್‌ಜೆಟ್ ಪ್ರಿಂಟರ್‌ನ ಕ್ಯಾರೇಜ್ ಪಕ್ಕಕ್ಕೆ ಬಡಿಯುವುದೇಕೆ?

ಹೊಸ ಬೆಲ್ಟ್ ಹಾಕಿದ ಮೇಲೆ ಕ್ಯಾರೇಜ್ (ಪ್ರಿಂಟ್ ಹೆಡ್ ಹೊತ್ತು ಅತ್ತಿತ್ತ ಓಡುವ ಭಾಗ) ಜೋರಾಗಿ ಓಡಿ ಪಕ್ಕಕ್ಕೆ ಬಡಿದು, ಎರರ್ ತೋರಿಸಿ ನಿಲ್ಲುತ್ತಿದೆ ಎಂದಿದ್ದೀರಿ. ಮೋಟಾರ್ ತಿರುಗುತ್ತಿದೆ ಅಲ್ವಾ? ಹಾಗಾದರೆ ಸುಮ್ನೆ ಅದನ್ನು ಬಿಚ್ಚಬೇಡಿ. ಮೊದಲು ಎನ್‌ಕೋಡರ್ ಪಟ್ಟಿ ನೋಡಿ. ಕ್ಯಾರೇಜ್ ಓಡುವ ದಾರಿಯುದ್ದಕ್ಕೂ ಎಳೆದು ಕಟ್ಟಿರುವ ತೆಳು ಪ್ಲಾಸ್ಟಿಕ್ ಪಟ್ಟಿ ಅದು. ಅದರ ಮೇಲಿನ ಸಣ್ಣ ಗೆರೆಗಳನ್ನು ಕ್ಯಾರೇಜಿನ ಸೆನ್ಸರ್ ಎಣಿಸುತ್ತಾ ಹೋಗುತ್ತದೆ. ಕ್ಯಾರೇಜ್ ಎಲ್ಲಿದೆ ಎಂದು ಪ್ರಿಂಟರ್‌ಗೆ ಗೊತ್ತಾಗುವುದು ಇದರಿಂದಲೇ. ಎಣಿಕೆ ತಪ್ಪಿದರೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ, ಹೋಗಿ ಬಡಿಯುತ್ತದೆ.

ಬೆಲ್ಟ್ ಬಿಚ್ಚುವಾಗ ಪಟ್ಟಿ ಸೆನ್ಸರಿನ ಸೀಳಿನಿಂದ ಹೊರಬಂದಿರಬಹುದು. ತುದಿಯ ಕೊಕ್ಕೆ ಕಳಚಿರಬಹುದು. ಕೈಯಲ್ಲಿದ್ದ ಗ್ರೀಸ್ ತಾಗಿರುವ ಸಾಧ್ಯತೆಯೂ ಜಾಸ್ತಿ. ಪ್ಲಗ್ ತೆಗೆದು, ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಥಿನ್ನರ್, ಅಸಿಟೋನ್ ಖಂಡಿತ ಬೇಡ, ಗೆರೆಗಳೇ ಅಳಿಸಿಹೋಗಬಹುದು.

ಆಮೇಲೆ ಕ್ಯಾರೇಜನ್ನು ಕೈಯಿಂದ ನಿಧಾನವಾಗಿ ಸರಿಸಿ. ಮೂಲೆಯಲ್ಲಿ ಲಾಕ್ ಆಗಿದ್ದರೆ ಬಲವಂತ ಮಾಡಬೇಡಿ. ಒಂದೇ ಜಾಗದಲ್ಲಿ ತಡೆದರೆ ಅಲ್ಲಿ ಸ್ಕ್ರೂ ಬಿದ್ದಿದೆಯೇ, ರಿಬ್ಬನ್ ಕೇಬಲ್ ಅಡ್ಡ ಬಂದಿದೆಯೇ ನೋಡಿ. ಉದ್ದಕ್ಕೂ ಬಿಗಿಯಾಗಿದ್ದರೆ ಬೆಲ್ಟ್ ಎಳೆತ ಜಾಸ್ತಿಯಾಗಿರಬಹುದು, ಇಲ್ಲವೇ ಕ್ಯಾರೇಜ್ ಜಾರುವ ರಾಡಿನ ಮೇಲಿನ ಗ್ರೀಸ್ ಒಣಗಿರಬಹುದು. ಕಟಕಟ ಸದ್ದು ಬಂದರೆ ಬೆಲ್ಟ್ ಸಡಿಲವಾಗಿ ಹಲ್ಲು ಜಾರುತ್ತಿರಬಹುದು.