ಸೀರೆಯ ಕೆಳಗಿಟ್ಟ ಆ ವರದಿಯನ್ನು ಹೊರಗೆ ತೆಗೆಯಿರಿ

ಪ್ರಶ್ನೆ: ನನಗೆ 42 ವರ್ಷ, ತೀರ್ಥಹಳ್ಳಿ ಕಡೆಯವಳು. ಊರಿನ ಆರೋಗ್ಯ ಶಿಬಿರದಲ್ಲಿ ಪ್ಯಾಪ್ ಪರೀಕ್ಷೆ ಮಾಡಿಸಿದ್ದೆ. 'ಜೀವಕೋಶಗಳಲ್ಲಿ ಬದಲಾವಣೆ ಇದೆ, ಕಾಲ್ಪಸ್ಕೋಪಿ ಮಾಡಿಸಿ' ಅಂತ ವರದಿ ಬಂತು. ನೋವಿಲ್ಲ, ಮುಟ್ಟೂ ಸರಿಯಾಗಿದೆ. ಈಗ ಅಡಿಕೆ ಸುಲಿಯುವ ಕಾಲ, ಮನೆ ಬಿಟ್ಟು ಹೊರಡಲು ಆಗುತ್ತಿಲ್ಲ. ವರದಿಯನ್ನು ಬೀರುವಿನಲ್ಲಿ ಸೀರೆಯ ಕೆಳಗೆ ಇಟ್ಟಿದ್ದೇನೆ. ಇದು ಕ್ಯಾನ್ಸರಾ? ಓರಗಿತ್ತಿ 'ಗರ್ಭಕೋಶವನ್ನೇ ತೆಗೆಸಿಬಿಡು' ಅನ್ನುತ್ತಾರೆ.

ಉತ್ತರ: ಆ ವರದಿ ಕ್ಯಾನ್ಸರ್ ಅಂತ ಹೇಳುತ್ತಿಲ್ಲ, ಹೆದರಬೇಡಿ. ಪ್ಯಾಪ್‌ನಲ್ಲಿ ಗರ್ಭಕೋಶದ ಬಾಯಿಯಿಂದ ಒಂದಷ್ಟು ಜೀವಕೋಶ ಸವರಿ ತೆಗೆದು ನೋಡುತ್ತಾರೆ, ಅಷ್ಟೇ. ಬದಲಾವಣೆ ಎಲ್ಲಿದೆ, ಎಷ್ಟಿದೆ ಅಂತ ತಿಳಿಯಲಿಕ್ಕೇ ಕಾಲ್ಪಸ್ಕೋಪಿ. ಎರಡನೆಯದಕ್ಕೆ ಹೋಗದಿದ್ದರೆ ಮೊದಲನೆಯದು ಮಾಡಿಸಿದ್ದೂ ದಂಡ.

ಇಂಥ ಬದಲಾವಣೆಗೆ ಹೆಚ್ಚಾಗಿ ಕಾರಣ ಎಚ್‌ಪಿವಿ ಎಂಬ ವೈರಸ್. ದೈಹಿಕ ಸಂಪರ್ಕದಿಂದ ಬರುತ್ತದೆ, ಬಹುಪಾಲು ಜನರಿಗೆ ಯಾವಾಗಲೋ ಒಮ್ಮೆ ತಗುಲಿಯೇ ಇರುತ್ತದೆ. ಎಂದು ಬಂತು ಅಂತ ಹೇಳಲಾಗದು. ಹಾಗಾಗಿ ಗಂಡನ ಮೇಲೆ ಅನುಮಾನ ಬೇಡ, ನಿಮ್ಮ ಮೇಲೂ ಬೇಡ. ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಓಡಿಸುತ್ತದೆ. ಕೆಲವರಲ್ಲಿ ಮಾತ್ರ ಉಳಿದುಬಿಡುತ್ತದೆ. ಉಳಿದರೂ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ನಿಮ್ಮಲ್ಲಿ ಆ ಲೆಕ್ಕ ಯಾವಾಗ ಶುರುವಾಯಿತು ಅಂತ ಗೊತ್ತಿಲ್ಲ, ಅದಕ್ಕೇ ನೋಡಬೇಕು.

ನೋವಿಲ್ಲ ಅಂದಿರಿ. ಈ ಹಂತದಲ್ಲಿ ನೋವು ಇರುವುದೇ ಇಲ್ಲ. ಅಡಿಕೆಗೆ ಕೊಳೆ ರೋಗ ಬಂದು ಕಾಯಿ ಉದುರಲಿ ಅಂತ ಕಾದು ಬೋರ್ಡೊ ಔಷಧಿ ಹೊಡೆಯುತ್ತೀರಾ? ಮಳೆ ಹಿಡಿಯುವ ಮುಂಚೆಯೇ ಅಲ್ವಾ?

ಕಾಲ್ಪಸ್ಕೋಪಿಯಲ್ಲಿ ದುರ್ಬೀನಿನಂಥ ಯಂತ್ರ ಹೊರಗೇ ಇರುತ್ತದೆ, ಒಳಗೆ ಹೋಗುವುದಿಲ್ಲ. ಗರ್ಭಕೋಶದ ಬಾಯಿಗೆ ವಿನೆಗರ್‌ನಂಥ ದ್ರವ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಸ್ವಲ್ಪ ಚುರುಗುಟ್ಟಬಹುದು. ಬದಲಾದ ಜಾಗ ಬೆಳ್ಳಗೆ ಎದ್ದು ಕಾಣುತ್ತದೆ. ಅನುಮಾನ ಬಂದರೆ ಅಲ್ಲಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕಾಲು ಗಂಟೆ, 20 ನಿಮಿಷದ ಕೆಲಸ. ಅವತ್ತೇ ಬಸ್ಸು ಹತ್ತಿ ಮನೆಗೆ ಬರಬಹುದು. ಒಂದೆರಡು ದಿನ ಸ್ವಲ್ಪ ರಕ್ತ ಕಾಣಬಹುದು. ಜಾಸ್ತಿ ಹೋದರೆ, ಜ್ವರ ಬಂದರೆ ತಿರುಗಿ ತೋರಿಸಿ.

ಗರ್ಭಕೋಶ ತೆಗೆಸುವ ಮಾತನ್ನು ಈಗ ಕಿವಿಗೇ ಹಾಕಿಕೊಳ್ಳಬೇಡಿ. ಇದನ್ನು ಕೈಮುಗಿದು ಹೇಳುತ್ತೇನೆ. ಕ್ಯಾನ್ಸರ್‌ಗೆ ಮುಂಚಿನ ಹಂತವಾದರೆ ಸಾಮಾನ್ಯವಾಗಿ ಆ ಜಾಗವನ್ನಷ್ಟೇ ಸುಟ್ಟೋ ಕತ್ತರಿಸಿಯೋ ತೆಗೆದರೆ ಸಾಕು. ಒಂದು ವೇಳೆ ಕ್ಯಾನ್ಸರೇ ಇದ್ದು, ಅದು ಗೊತ್ತಿಲ್ಲದೆ ಸಾದಾ ಆಪರೇಶನ್ ಮಾಡಿಸಿದರೆ ಮುಂದಿನ ಚಿಕಿತ್ಸೆಯೇ ಕಷ್ಟವಾಗುತ್ತದೆ. ಏನೂ ಇಲ್ಲದಿದ್ದರೆ ಸುಮ್ನೆ ಅಂಗ ಕಳೆದುಕೊಂಡಂತೆ.

ನಾಲ್ಕಾರು ವಾರ ತಡವಾದರೆ ಅನಾಹುತವೇನಿಲ್ಲ. ಆದರೆ ಸುಲಿತ ಮುಗಿಯಲಿ, ಮದುವೆಗಳು ಮುಗಿಯಲಿ, ಮಳೆ ನಿಲ್ಲಲಿ ಅಂತ ವರ್ಷವೇ ಉರುಳುವುದನ್ನು ಬಹಳ ನೋಡಿದ್ದೇನೆ. ಮುಂದಿನ ಮುಟ್ಟಿನ ದಿನಗಳು ಮುಗಿದ ವಾರವೇ ಹೊರಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ವಿಚಾರಿಸಿ. ವರದಿ ಕೈಯಲ್ಲಿರಲಿ. ಮಹಿಳಾ ಡಾಕ್ಟರೇ ನೋಡಲಿ ಅಂತ ಕೇಳಲು ಸಂಕೋಚ ಬೇಡ. ಏನೂ ಇಲ್ಲ ಅಂತ ಬಂದರೂ ಮುಂದಿನ ಪರೀಕ್ಷೆ ಯಾವಾಗ ಅಂತ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.

ಜೊತೆಗೆ ಓರಗಿತ್ತಿಯನ್ನೇ ಕರೆದುಕೊಂಡು ಹೋಗಿ. 30 ದಾಟಿದ ಹೆಂಗಸರಿಗೆ 5 ವರ್ಷಕ್ಕೊಮ್ಮೆ ಗರ್ಭಕೋಶದ ಬಾಯಿಯ ತಪಾಸಣೆ ಮಾಡುವ ಸರ್ಕಾರಿ ಕಾರ್ಯಕ್ರಮವಿದೆ, ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಓರಗಿತ್ತಿ ಒಮ್ಮೆಯಾದರೂ ಮಾಡಿಸಿದ್ದಾರಾ ಅಂತ ಬಸ್ಸಿನಲ್ಲಿ ಕೇಳಿ.