ಯೋನೆಕ್ಸ್ ಕಂಪನಿ ಮೊದಲಿನಿಂದಲೂ ಬ್ಯಾಡ್ಮಿಂಟನ್ ರಾಕೆಟ್ ಮಾಡುತ್ತಿತ್ತಾ?

ಇಲ್ಲ. ಶುರುವಿನಲ್ಲಿ ಆಟಕ್ಕೂ ಇವರಿಗೂ ಸಂಬಂಧವೇ ಇರಲಿಲ್ಲ. 1946ರಲ್ಲಿ ಜಪಾನಿನ ನೀಗಾಟದಲ್ಲಿ ಮಿನೋರು ಯೊನೆಯಾಮ ಎಂಬುವರು ಈ ಕಂಪನಿ ಕಟ್ಟಿದರು. ಆಗ ಮಾಡುತ್ತಿದ್ದದ್ದು ಮೀನಿನ ಬಲೆ ಮುಳುಗದಂತೆ ಕಟ್ಟುವ ಮರದ ತುಂಡುಗಳನ್ನು! ಆಮೇಲೆ ಪ್ಲಾಸ್ಟಿಕ್ ತೇಲುಗಳು ಬಂದವು, ಮರದ್ದನ್ನು ಕೇಳುವವರಿಲ್ಲ. ಕೈಯಲ್ಲಿದ್ದದ್ದು ಮರದ ಕೆಲಸ ತಾನೇ? ಆಗಿನ ರಾಕೆಟ್‌ಗಳೂ ಮರದವೇ. ಹಾಗಾಗಿ 1957ರಲ್ಲಿ ಬೇರೆ ಬ್ರ್ಯಾಂಡ್‌ಗಳಿಗೆ ರಾಕೆಟ್ ಮಾಡಿಕೊಡಲು ಶುರು ಮಾಡಿದರು. 1961ರಲ್ಲಿ ಸ್ವಂತ ಹೆಸರಿನಲ್ಲೇ ಮಾರಿದರು.

ಮರವನ್ನು ನಂಬಿ ಒಮ್ಮೆ ಪೆಟ್ಟು ತಿಂದಿದ್ದರು ಅಲ್ವಾ, ಅದಕ್ಕೇ ಇರಬೇಕು, ಮುಂದೆ ಹೊಸ ವಸ್ತು ಬಂದಾಗ ಇವರು ಹಿಂದೆ ಉಳಿಯಲಿಲ್ಲ. 1969ರಲ್ಲಿ ಅಲ್ಯೂಮಿನಿಯಂ ರಾಕೆಟ್ ತಂದರು, ನಂತರ ಕಾರ್ಬನ್. ನನ್ನ ಪ್ರಕಾರ ಇವರ ದೊಡ್ಡ ಐಡಿಯಾ ಐಸೊಮೆಟ್ರಿಕ್ ತಲೆ. ಅಂದರೆ ರಾಕೆಟ್‌ನ ತಂತಿ ಬಿಗಿದ ಭಾಗ ಪೂರ್ತಿ ಮೊಟ್ಟೆಯಾಕಾರ ಇರದೆ ಮೇಲ್ಭಾಗ ಸ್ವಲ್ಪ ಚೌಕವಾಗಿರುತ್ತದೆ. ಇದರಿಂದ ಸರಿಯಾಗಿ ಹೊಡೆತ ಕೂರುವ ಜಾಗ ಜಾಸ್ತಿಯಾಗುತ್ತದೆ. ಶಟಲ್ ನಡುಮಧ್ಯಕ್ಕೆ ಬೀಳದಿದ್ದರೂ ನಡೆಯುತ್ತದೆ. ನಮ್ಮಂಥವರಿಗೆ ಅದೇ ದೊಡ್ಡ ಉಪಕಾರ.

1984ರಿಂದ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿಗೂ ಇವರೇ ಪ್ರಾಯೋಜಕರು. ಅಂದಹಾಗೆ, ಈಗ ಬೆಂಗಳೂರಿನಲ್ಲೂ ಯೋನೆಕ್ಸ್ ರಾಕೆಟ್ ತಯಾರಾಗುತ್ತದೆ.