ಔಷಧಿಯಿಂದ ಮನುಷ್ಯರ ತಳಿ ಕೆಡುತ್ತದಾ?

ರೋಗ ಇರುವವರನ್ನೂ ಔಷಧಿ ಉಳಿಸುತ್ತದೆ, ಅವರಿಗೂ ಮಕ್ಕಳಾಗುತ್ತವೆ, ಹಾಗಾದರೆ ತಳಿ ಕೆಡಲ್ವಾ ಅಂತ ಕೇಳಿದ್ದೀರಿ. ಸೋದರಮಾವನ ಮಗಳ ಜತೆ ಮದುವೆ ಗೊತ್ತಾಗಿದೆ ಅಂತಲೂ ಬರೆದಿದ್ದೀರಿ. ನಾನೂ ಸೋದರಮಾವನ ಮಗಳನ್ನೇ ಮದುವೆಯಾದವನು. ಗದಗಿನಲ್ಲಿ ಬೀಜ-ಗೊಬ್ಬರದ ಅಂಗಡಿ ನನ್ನದು. ಜೊಳ್ಳು ತೂರಿದರೆ ಗಟ್ಟಿ ಕಾಳು ಉಳಿಯುತ್ತದೆ, ಮನುಷ್ಯರಲ್ಲಿ ತೂರುವುದನ್ನೇ ಡಾಕ್ಟರು ನಿಲ್ಲಿಸಿಬಿಟ್ಟರು ಅಂತ ಗಲ್ಲೆ ಮೇಲೆ ಕೂತು ಭಾಷಣ ಮಾಡುತ್ತಿದ್ದೆ.

ಹೆಂಡತಿ ಬಸುರಿಯಾದಾಗ ಹಿಮೋಗ್ಲೋಬಿನ್ ಕಡಿಮೆ ಬಂತು. ಕಬ್ಬಿಣದ ಗುಳಿಗೆ ನುಂಗಿದರೂ ಏರಲಿಲ್ಲ. ರಿಪೋರ್ಟಿನಲ್ಲಿ ಎಂಸಿವಿ ಅಂತ ಒಂದು ಸಾಲಿರುತ್ತದೆ, ಕೆಂಪು ರಕ್ತಕಣದ ಗಾತ್ರ. ಅದು ತೀರಾ ಕಡಿಮೆ ಇತ್ತು. ಕಣಗಳ ಸಂಖ್ಯೆ ಮಾತ್ರ ಕಡಿಮೆ ಇರಲಿಲ್ಲ. ಕಬ್ಬಿಣ ಕಡಿಮೆಯಾದರೂ ಕಣ ಸಣ್ಣದಾಗುತ್ತದೆ, ಆದರೆ ಆಗ ಸಾಮಾನ್ಯವಾಗಿ ಸಂಖ್ಯೆಯೂ ಇಳಿಯುತ್ತದೆ. ಥಲಸ್ಸೇಮಿಯಾ ಅಂದರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ವಂಶಪಾರಂಪರ್ಯ ರೋಗ. ಕೆಟ್ಟ ಜೀನ್ ಅಪ್ಪ, ಅವ್ವ ಇಬ್ಬರಿಂದಲೂ ಬಂದರೆ ರೋಗ, ಒಬ್ಬರಿಂದ ಮಾತ್ರ ಬಂದವರು ವಾಹಕರು. ಕಣ ಸಣ್ಣ, ಸಂಖ್ಯೆ ತುಂಬಾ ಇದ್ದರೆ ವಾಹಕರಿರಬಹುದು ಅಂತ ಅನುಮಾನ ಪಡಬೇಕು. ಡಾಕ್ಟರು ಪಟ್ಟರು. ಇಬ್ಬರೂ ಎಚ್‌ಬಿ ಎ2, ಅಂದರೆ ವಾಹಕರನ್ನು ಪತ್ತೆ ಮಾಡುವ ರಕ್ತ ಪರೀಕ್ಷೆ, ಮಾಡಿಸಿ ಅಂತ ಚೀಟಿ ಬರೆದುಕೊಟ್ಟರು.

ಚೀಟಿ ಉದ್ರಿ ಪುಸ್ತಕದೊಳಗೇ ಉಳಿಯಿತು. ದುಡ್ಡಿನ ಪ್ರಶ್ನೆ ಅಲ್ಲ. 50 ಕೆಜಿ ಚೀಲ ಹೊರುವ ನನಗೆ ಎಂಥ ರೋಗ? ನಮ್ಮ ಮನೆತನದಲ್ಲಿ ಯಾರಿಗೂ ಏನೂ ಇಲ್ಲ. ಕೆಟ್ಟ ಜೀನ್ ಇದ್ದರೆ ಮೈಯಲ್ಲಿ ಕಾಣಲೇಬೇಕು ಅಂತ ನಂಬಿದ್ದೆ. ಅವ್ವ ಬೇರೆ, ‘ಬಸುರ್ಯಾಗ ರಕ್ತ ಕಡಿಮಿ ಆಗೂದ ಐತಿ, ಉತ್ತತ್ತಿ ತಿನ್ಲಿ’ ಅಂದಳು.

ಮಗಳಿಗೆ ಆರು ತಿಂಗಳು ತುಂಬುವಷ್ಟರಲ್ಲಿ ಮೈ ಬಿಳಿಚಿಕೊಂಡಿತು. ಥಲಸ್ಸೇಮಿಯಾ ಮೇಜರ್, ರೋಗದ ತೀವ್ರ ರೂಪ. ಅಂದರೆ ಹೆಂಡತಿಯಂತೆ ನಾನೂ ವಾಹಕನೇ. ಈಗ ಮೂರು ವಾರಕ್ಕೊಮ್ಮೆ ಹುಬ್ಬಳ್ಳಿಗೆ ಕರೆದೊಯ್ದು ರಕ್ತ ಹಾಕಿಸುತ್ತೇವೆ. ಆ ರಕ್ತದಿಂದ ಮೈಯಲ್ಲಿ ಕಬ್ಬಿಣ ಸೇರುತ್ತದೆ, ಅದನ್ನು ಇಳಿಸಲು ದಿನಾ ಗುಳಿಗೆ. ಹೆಂಡತಿಗೆ ನಾನು ಬಲವಂತವಾಗಿ ನುಂಗಿಸಿದ್ದೂ ಕಬ್ಬಿಣವೇ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವೇ ತಪ್ಪು ಅನ್ನುತ್ತೇನೆ. ಹತ್ತು ಸಾವಿರಕ್ಕೆ ಒಬ್ಬರಿಗೆ ಬರುವ ಇಂಥ ಕಾಯಿಲೆ ತಗೊಳ್ಳಿ. ಅದರ ವಾಹಕರು ಸುಮಾರು 50ಕ್ಕೆ ಒಬ್ಬರು, ಎಲ್ಲರೂ ನನ್ನಂತೆ ಗಟ್ಟಿಮುಟ್ಟು. ರೋಗಿಗಳು ಯಾರಿಗೂ ಮಕ್ಕಳಾಗದಿದ್ದರೂ ಆ ಜೀನ್ ಅರ್ಧಕ್ಕಿಳಿಯಲು 100 ತಲೆಮಾರು, ಅಂದರೆ 2,500 ವರ್ಷ ಬೇಕು. ಔಷಧಿಯಿಂದ ಅದು ಏರುವುದೂ ಅಷ್ಟೇ ನಿಧಾನ. ಇನ್ನು ಥಲಸ್ಸೇಮಿಯಾ ಜೀನನ್ನು ಇಷ್ಟು ಹರಡಿದ್ದೇ ನೈಸರ್ಗಿಕ ಆಯ್ಕೆ, ಅಂದರೆ ಪ್ರಕೃತಿಯೇ ಮಾಡುವ ಆ ತೂರುವ ಕೆಲಸ. ವಾಹಕರಿಗೆ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ಸಿಗುತ್ತದೆ. ಹಾಲ್ಡೇನ್ ಎಂಬ ವಿಜ್ಞಾನಿ 1949ರಲ್ಲೇ ಹೀಗೆ ಊಹಿಸಿದ್ದರು. ಸೈಪ್ರಸ್‌ನಲ್ಲಿ ಮದುವೆಗೆ ಮುಂಚೆ ರಕ್ತ ಪರೀಕ್ಷೆ ಶುರು ಮಾಡಿದ ಮೇಲೆ ಈ ರೋಗದ ಕೂಸುಗಳು ಹುಟ್ಟುವುದು ಹೆಚ್ಚುಕಡಿಮೆ ನಿಂತೇ ಹೋಯಿತು. ಅದನ್ನು ಮಾಡಿದ್ದು ಇದೇ ವೈದ್ಯಶಾಸ್ತ್ರ.

ತಳಿಯ ಚಿಂತೆ ಬಿಡಿ, ಎಚ್‌ಬಿ ಎ2 ಮಾಡಿಸಿ. ಸಂಬಂಧದೊಳಗೆ ಮದುವೆಯಾದರೆ ಒಂದೇ ಕೆಟ್ಟ ಜೀನ್ ಇಬ್ಬರಲ್ಲೂ ಇರುವ ಸಾಧ್ಯತೆ ಜಾಸ್ತಿ. ಶೇಕಡಾ 3.5ಕ್ಕಿಂತ ಜಾಸ್ತಿ ಬಂದರೆ ನೀವು ವಾಹಕರಿರಬಹುದು, ಆಗ ಹುಡುಗಿಗೂ ಮಾಡಿಸಬೇಕು. ಇಬ್ಬರೂ ವಾಹಕರಾದರೆ ಪ್ರತಿ ಬಸುರಿನಲ್ಲೂ ಕೂಸಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗಂತ ಮದುವೆ ಮುರಿಯಬೇಕಿಲ್ಲ, ಮೂರು ತಿಂಗಳೊಳಗೇ ಹೊಟ್ಟೆಯಲ್ಲಿರುವ ಕೂಸಿನ ಪರೀಕ್ಷೆ ಮಾಡಬಹುದು. ಎರಡನೇ ಸಲ ನಾವು ಮಾಡಿಸಿದೆವು. ಆದರೆ ರಕ್ತ ಕೊಡಲು ಮೊದಲು ನೀವೇ ಹೋಗಿ. ಹುಡುಗಿಯನ್ನು ಮುಂದೆ ಕಳಿಸಿದರೆ ಬೀಗರು ಅವಳಿಗೇ ದೋಷ ಅಂಟಿಸುತ್ತಾರೆ.